ಪಕ್ಕದಲ್ಲಿ ಬ್ರೇಕ್ ಇಲ್ಲದ ಕಾರು

ಮೊನ್ನೆ ಬೆಳಿಗ್ಗೆ ಹಾಲು ತರಲೆಂದು ಹೊರಟವಳು ನಮ್ಮ ಬೀದಿಯ ತಿರುವಿನಲ್ಲೇ ನಿಂತುಬಿಟ್ಟೆ. ಮೂಲೆಮನೆಯವರು ಹೊಸ ಕಾರು ತಂದಿದ್ದರು. ಬಾನೆಟ್ ಮೇಲೆ ಸೇವಂತಿಗೆ ಹಾರ, ಗಾಜಿಗೆ ಅರಿಶಿನ ಕುಂಕುಮ. ಪೂಜೆ ಆಗಲೇ ಮುಗಿದು, ಗಾಡಿ ಒಂದು ಮಾರು ಮುಂದಕ್ಕೆ ಹೋಗಿ ನಿಂತಿತ್ತು. ಅದರ ಹಿಂದೆ ಡಾಂಬರಿನ ಮೇಲೆ ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿ ಬಿದ್ದಿದ್ದವು. ಜಜ್ಜಿದ ನಿಂಬೆ, ಕರ್ಪೂರದ ಹೊಗೆ, ಟೈರಿನ ರಬ್ಬರು... ಈ ಮೂರೂ ಸೇರಿದ ವಾಸನೆ ಬೇರೆಯವರಿಗೆ ಮಂಗಳಕರವೇ ಇರಬಹುದು. ನನಗೆ ಮಾತ್ರ ಹಾಗಲ್ಲ. ಆ ವಾಸನೆಯ ಹಿಂದೆಯೇ ಒಬ್ಬರು ಬಂದು ನಿಲ್ಲುತ್ತಾರೆ. ನನಗೆ ಕಾರು ಓಡಿಸುವುದನ್ನು ಕಲಿಸಿದ ಮೇಡಂ.

ಬಸವೇಶ್ವರನಗರದ ನಮ್ಮ ಕಡೆ ಅವರನ್ನು ಎಲ್ಲರೂ ಮೇಡಂ ಅಂತಲೇ ಕರೆಯುತ್ತಿದ್ದರು. ಮೆಡಿಕಲ್ ಶಾಪಿನ ಪಕ್ಕದ ಸಣ್ಣ ಮಳಿಗೆಯಲ್ಲಿ ಅವರ ಡ್ರೈವಿಂಗ್ ಸ್ಕೂಲು. ಒಳಗೆ ಒಂದು ಮೇಜು, ಗೋಡೆಗೆ ಟ್ರಾಫಿಕ್ ಚಿಹ್ನೆಗಳ ಚಾರ್ಟು, ಹೊರಗೆ ನೆತ್ತಿಯ ಮೇಲೆ ಬೋರ್ಡು ಹೊತ್ತ ಬಿಳಿ ಕಾರು. ಅವರಿಗೆ ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅದೇ ಕಟ್ಟಡದ ಹಿಂದಿನ ಮನೆಯಲ್ಲಿ ತಮ್ಮನ ಜೊತೆ ಇದ್ದರು. ಕಾಟನ್ ಸೀರೆ ಉಟ್ಟು ಕಾಲಿಗೆ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಅದನ್ನು ನೋಡಿ ಕಿಸಕ್ಕೆಂದವರಲ್ಲಿ ಅರ್ಧ ಜನರಿಗೆ ಕೊನೆಗೆ ಅವರೇ ಲೈಸೆನ್ಸ್ ಮಾಡಿಸಿಕೊಟ್ಟಿದ್ದರು.

ಪೀಣ್ಯದ ಆಫೀಸಿಗೆ ಬಸ್ಸಿನಲ್ಲಿ ಜೋತಾಡಿ ಜೋತಾಡಿ ಸಾಕಾದ ಮೇಲೆ ನಾನು ಅವರ ಬಳಿ ಸೇರಿದೆ. ಕಲಿಸುವ ಕಾರಿನಲ್ಲಿ ಎಡಗಡೆ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಮೇಡಂ ಅಲ್ಲಿ ಕೂತು, ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟೂ ಇಡದಂತೆ ಹಿಡಿದುಕೊಂಡು, ಬಲಗೈಯನ್ನು ಸ್ಟೀರಿಂಗಿಗೆ ಹತ್ತಿರ ಇಟ್ಟುಕೊಂಡು, ಜ್ಞಾನಭಾರತಿಯ ಮರಗಳ ನಡುವಿನ ರಸ್ತೆಯಲ್ಲಿ ನನಗೆ ಕಲಿಸಿದರು. ನಾನು ಬೆವರಿ ಒದ್ದೆಯಾದಾಗಲೆಲ್ಲ, "ಭಯ ಪಡ್ಬೇಡಿ ಕಣ್ರೀ, ನಿಮ್ಮ ಬ್ರೇಕು ನನ್ನ ಕಾಲಲ್ಲಿದೆ" ಅನ್ನುತ್ತಿದ್ದರು. ಆ ಮಾತು ಕೇಳಿ ಕಲಿತವರು ನಮ್ಮ ಏರಿಯಾದಲ್ಲಿ ಇನ್ನೂ ಎಷ್ಟೋ ಜನ ಇರಬೇಕು.

ಲೈಸೆನ್ಸ್ ಕೈಗೆ ಬಂದ ದಿನ ಅವರಿಗೆ ಮೈಸೂರು ಪಾಕ್ ಕೊಡಲು ಹೋಗಿದ್ದೆ. ಅವರು ಡಬ್ಬಿಯನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀವು ಆಫೀಸಲ್ಲಿ ಕಂಪ್ಯೂಟರ್ ಮುಂದೇನೇ ಕೂತಿರ್ತೀರಲ್ಲ. ನಂಗೊಂದು ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ಕೊಡ್ತೀರಾ?"

"ಸ್ಕೂಲಿಗಾ ಮೇಡಂ?"

"ಸ್ಕೂಲಿಗೆ ಯಾಕ್ರೀ? ನಂಗೆ. ಸ್ಪೋರ್ಟ್ಸ್ ಕಾರು. ಎರಡೇ ಸೀಟಿದ್ರೂ ಸಾಕು. ಪಕ್ಕದಲ್ಲಿ ಬ್ರೇಕ್ ಇರಬಾರ್ದು, ಅಷ್ಟೇ."

ನಾನು ನಕ್ಕೆ. ಅವರು ನಗಲಿಲ್ಲ. ಕಾರಿನ ಆಸೆಗೇ ಈ ಕೆಲಸ ಹಿಡಿದವರಂತೆ ಅವರು. ಆದರೆ ಬೆಳಗಿನಿಂದ ಸಂಜೆಯವರೆಗೆ ಎಡಗಡೆ ಸೀಟೇ ಗತಿಯಾಯಿತು. ತಾವೇ ಓಡಿಸುವುದೆಂದರೆ ಕೊನೆಯ ಕ್ಲಾಸು ಮುಗಿದ ಮೇಲೆ ಗಾಡಿಯನ್ನು ತಂದು ಮಳಿಗೆಯ ಮುಂದೆ ನಿಲ್ಲಿಸುವುದು, ಅಷ್ಟೇ. ಬೇರೆಯವರು ಓಡಿಸುತ್ತಾರೆ, ತಾವು ನಿಲ್ಲಿಸುತ್ತಾರೆ. ಇಷ್ಟು ವರ್ಷ ಮಾಡಿದ್ದೆಲ್ಲ ಬರೀ ನಿಲ್ಲಿಸುವ ಕೆಲಸ ಅಂದರು. ಅವರ ಲೆಕ್ಕಾಚಾರ ಆಗಲೇ ಪಕ್ಕಾ ಇತ್ತು. ಲಗ್ಗೆರೆಯವರೊಬ್ಬರು ಸ್ಕೂಲನ್ನು ವಹಿಸಿಕೊಳ್ಳಲು ತುದಿಗಾಲಲ್ಲಿದ್ದರು. ತಮ್ಮದೇ ಕಾರು ಮನೆಗೆ ಬಂದ ದಿನವೇ ಆ ಬಿಳಿ ಕಾರಿನ ಬೋರ್ಡು ಇಳಿಸಿ, ಇನ್ನೆಂದೂ ಎಡಗಡೆ ಕೂರುವುದಿಲ್ಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಅದು ಭಾನುವಾರಕ್ಕೆ ಹೊರತೆಗೆದು ಒರೆಸಿಡುವ ಕಾರಾಗಬಾರದು ಎನ್ನುವುದು ಅವರ ಇನ್ನೊಂದು ಹಟ. "ದಿನಾ ಓಡಿಸ್ಬೇಕು ಕಣ್ರೀ. ಸೊಪ್ಪು ತರೋಕೂ ಅದ್ರಲ್ಲೇ ಹೋಗ್ಬೇಕು. ಮಜಾ ಅನ್ನೋದು ದಿನಾ ಇರ್ಬೇಕು" ಅಂದರು. ವಿಜಯನಗರದ ಮಾರ್ಕೆಟ್ಟಿಗೆ ಸ್ಪೋರ್ಟ್ಸ್ ಕಾರಿನಲ್ಲಿ ಹೋಗಿ ದಂಟಿನಸೊಪ್ಪು ಕೊಳ್ಳುವ ಹೆಂಗಸನ್ನು ಕಲ್ಪಿಸಿಕೊಂಡು ನನಗೆ ಆ ದಿನ ಖುಷಿಯೋ ಖುಷಿ.

ಹೀಗೆ ನಮ್ಮ ಭಾನುವಾರದ ತಿರುಗಾಟ ಶುರುವಾಯಿತು. ರಾಜಾಜಿನಗರದ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಳದಿ ಕಾರೊಂದನ್ನು ನೋಡಿದೆವು. ನೋಡಲು ಕಣ್ಣು ಸಾಲದು, ಆದರೆ ಎಷ್ಟು ತಗ್ಗೆಂದರೆ ಅವರ ಗೇಟಿನ ಮುಂದಿನ ರೋಡ್ ಹಂಪಿಗೇ ಹೊಟ್ಟೆ ಕರಕರನೆ ಉಜ್ಜಿತು. ನಮ್ಮ ಕಡೆ ಮನೆಗೊಂದು ಹಂಪು, ಅದರ ಮೇಲೆ ಜಲಮಂಡಳಿಯವರು ಅಗೆದು ಮುಚ್ಚಿದ ಗುಡ್ಡ ಬೇರೆ. ಮಹಾಲಕ್ಷ್ಮಿ ಲೇಔಟಿನ ಕೆಂಪು ಕಾರು ಎಲ್ಲ ರೀತಿಯಲ್ಲೂ ಸರಿಯಿತ್ತು. ಮೇಡಂ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರು. ಬೆಲ್ಟಿನ ಕೊನೆಯಲ್ಲಿ ಒಣಗಿದ ಕೆಸರಿನ ಗೆರೆ. ಯಾವುದೋ ಮಳೆಯಲ್ಲಿ ಮುಳುಗಿ ಎದ್ದ ಗಾಡಿ ಅದು. ಇನ್ನೊಂದರ ಕ್ಲಚ್ಚು ಎಷ್ಟು ಬಿಗಿಯೆಂದರೆ ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಒಂದು ವಾರ ಓಡಿಸಿದರೆ ಮಂಡಿಚಿಪ್ಪು ಕೈಗೆ ಬರಬೇಕು. ಎಲ್ಲಿಗೆ ಹೋದರೂ ಮಾರುವವರದು ಮಾತ್ರ ಒಂದೇ ಪ್ರಶ್ನೆ. "ಸಾರ್ ಬಂದಿಲ್ವಾ?" ಮೇಡಂ ಬಾನೆಟ್ಟಿನೊಳಗಿಂದ ತಲೆ ಎತ್ತದೆ, "ನಾನೇ ಸಾರ್, ಹೇಳಿ" ಅನ್ನುತ್ತಿದ್ದರು.

ಕೊನೆಗೆ ಕೆಂಗೇರಿ ಉಪನಗರದಲ್ಲಿ ಸಿಕ್ಕಿತು. ಕೆಲಸದಿಂದ ನಿವೃತ್ತರಾದ ಯಜಮಾನರೊಬ್ಬರು ಕವರ್ ಹೊದಿಸಿ ಮಗುವಿನಂತೆ ಇಟ್ಟುಕೊಂಡಿದ್ದ ಕಡು ಹಸಿರು ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ ಕಾರು. ಅವರಿಗೆ ಕಣ್ಣು ಮಂಜಾಗಿತ್ತು, ಓಡಿಸುವವರ ಕೈಗೇ ಕೊಡಬೇಕೆಂದು ಕಾದಿದ್ದರು. ಮೇಡಂ ಮೊದಲು ಬಾನೆಟ್ ಮುಟ್ಟಿ ನೋಡಿದರು, ತಣ್ಣಗಿತ್ತು, ನಮಗೆ ತೋರಿಸಲೆಂದು ಮೊದಲೇ ಬಿಸಿ ಮಾಡಿಟ್ಟಿರಲಿಲ್ಲ. ಮೊದಲ ಕೀಲಿಗೇ ಇಂಜಿನ್ ಗುರ್ರೆಂದಿತು. ತಾವು ತಂದಿದ್ದ ತರಕಾರಿ ಚೀಲವನ್ನು ಡಿಕ್ಕಿಯಲ್ಲಿ ಇಟ್ಟು ನೋಡಿದರು, ಹಿಡಿಸಿತು. ಬೀದಿಯ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ಇಳಿಸಿದರು. ಹೊಟ್ಟೆ ತಾಗಲಿಲ್ಲ. ಯಜಮಾನರು ನಮ್ಮ ಬಿಳಿ ಕಾರಿನ ಕೀಲಿಯನ್ನು ಇಸಿದುಕೊಂಡು, "ಹೋಗ್ಬನ್ನಿ ಮೇಡಂ, ಜ್ಞಾನಭಾರತಿ ಒಳಗೆ ಒಂದು ರೌಂಡ್ ಹೊಡ್ಕೊಂಡು ಬನ್ನಿ" ಎಂದು ಕಳಿಸಿದರು.

ನಾನು ಎಡಗಡೆ ಕೂತೆ, ಮೇಡಂ ಬಲಗಡೆ. ನನಗೆ ಕಲಿಸಿದ ಅದೇ ರಸ್ತೆ. ಎರಡನೇ ಗೇರು, ಮೂರನೇ ಗೇರು... ಬೆನ್ನು ಸೀಟಿಗೆ ಅಂಟಿಕೊಂಡಿತು. ಆಗ ಪೊದೆಯಿಂದ ಒಂದು ನಾಯಿ ಅಡ್ಡ ಬಂತು.

"ಬ್ರೇಕ್! ಬ್ರೇಕ್ ಹಿಡೀರಿ!" ಎಂದು ಮೇಡಂ ಕೂಗಿದರು.

ಕೂಗಿ, ನಾನು ಬ್ರೇಕ್ ಹಿಡಿಯಲೆಂದು ಕಾದರು. ಕಾದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅದಕ್ಕಿಂತ ಹೆಚ್ಚಿಲ್ಲ. ಅವರ ಬಲಗೈ ಪಕ್ಕದವರ ಸ್ಟೀರಿಂಗ್ ಹಿಡಿಯಲೆಂದು ಬಲಕ್ಕೆ ಚಾಚಿ ಬಾಗಿಲಿನ ಗಾಜಿಗೆ ಬಡಿಯಿತು. ಆಮೇಲೆ ಕಾಲು ನೆನಪಾಗಿ ಬ್ರೇಕ್ ಬಿತ್ತು. ನಾಯಿ ಬಂಪರಿನ ಅಂಚಿನಲ್ಲಿ ತಪ್ಪಿಸಿಕೊಂಡು ಓಡಿತು. ಕಾರು ಆಫ್ ಆಗಿ ನಿಂತಿತು. ನಾನೂ ಎಡಗಡೆ ಇಲ್ಲದ ಬ್ರೇಕನ್ನು ಜೋರಾಗಿ ತುಳಿದುಕೊಂಡು ಕೂತಿದ್ದೆ.

"ನಾನು ಯಾರಿಗ್ರೀ ಹೇಳ್ದೆ?" ಎಂದು ಮೇಡಂ ಕೇಳಿದರು.

ಇಬ್ಬರಿಗೂ ನಗು ಬಂತು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರು ನಗುತ್ತಿರಲಿಲ್ಲ, ಅಳುತ್ತಿದ್ದರು. "ಪಕ್ಕದಲ್ಲಿ ಕೂತೂ ಕೂತೂ ಓಡ್ಸೋದನ್ನೇ ಮರ್ತಿದೀನಿ ಕಣ್ರೀ. ನನ್ನ ಕಾಲಿಗೆ ನಾನೇ ಹೇಳ್ಬೇಕು ಅನ್ನೋದೂ ಗೊತ್ತಾಗ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಕೀಲಿ ತಿರುಗಿಸಿದರು. ಇನ್ನು ಏನೇ ಆದರೂ ನಾನು ಬಾಯಿ ಬಿಡಬಾರದೆಂದು ತಾಕೀತು ಮಾಡಿದರು. ಆ ರಸ್ತೆಯಲ್ಲಿ ಹೋದೆವು, ಬಂದೆವು, ಮತ್ತೆ ಹೋದೆವು. ನಾನು ಬಾಯಿ ಬಿಡಲಿಲ್ಲ. ಕೊನೆಯ ಸುತ್ತಿನಲ್ಲಿ ಅವರೂ ಬಾಯಿ ಬಿಡಲಿಲ್ಲ. ಕ್ಲಚ್ಚು, ಗೇರು, ಬ್ರೇಕು ಎಂದು ತಮಗೆ ತಾವೇ ಪಾಠ ಹೇಳಿಕೊಳ್ಳುವುದು ನಿಂತುಹೋಯಿತು. ಕಿಟಕಿಯ ಗಾಳಿಗೆ ಕೂದಲು ಕೆದರಿ, ಮೂಗುತಿ ಮಿಂಚುತ್ತಿತ್ತು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಲ್ಲೇ ಅಡ್ವಾನ್ಸ್ ಕೊಟ್ಟು, ಮುಂದಿನ ಭಾನುವಾರ ಒಯ್ಯುವುದೆಂದು ಮಾತಾಯಿತು. ನಾವು ಬಿಳಿ ಕಾರಿನಲ್ಲಿ ಅವರ ಮನೆ ಬಾಗಿಲಿಗೆ ಬಂದಾಗ ಅವರ ತಮ್ಮ ಹೊರಗೇ ನಿಂತಿದ್ದರು. ಒಳ್ಳೆಯ ಮನುಷ್ಯ, ಅಕ್ಕನೆಂದರೆ ಪ್ರಾಣ. ಅಕ್ಕ ಊರಿಗೆಲ್ಲ ಕಲಿಸಿದರೂ ಇವರು ಮಾತ್ರ ಹೆದರಿ ಸ್ಟೀರಿಂಗ್ ಮುಟ್ಟಿರಲಿಲ್ಲ. ವಿಷಯ ಕೇಳಿ ಖುಷಿಪಟ್ಟರು. ಆಮೇಲೆ ಏನೋ ನೆನಪಾದವರಂತೆ ಮುಖ ಸಣ್ಣದು ಮಾಡಿದರು.

"ಅಕ್ಕ, ಅಮಾವಾಸ್ಯೆ ಆದ್ಮೇಲೆ ಆಷಾಢ ಅಲ್ವಾ? ಆಷಾಢದಲ್ಲಿ ಯಾರಾದ್ರೂ ಗಾಡಿ ಮನೆಗೆ ತರ್ತಾರಾ? ಒಂದು ತಿಂಗ್ಳು ತಡ್ಕೋ. ಶ್ರಾವಣದಲ್ಲಿ ಜೋರಾಗಿ ಪೂಜೆ ಮಾಡ್ಸಿ ತರೋಣ."

ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು ಕನ್ನಡಿ ನೋಡದೆ ಹೊರಡುವವರನ್ನು ಮೇಡಂ ದಿನಾ ಬೈಯುತ್ತಿದ್ದರು. ಕಟ್ಟಿದ ನಿಂಬೆಹಣ್ಣು ಲಾರಿಯನ್ನು ನಿಲ್ಲಿಸುವುದಿಲ್ಲ, ಬ್ರೇಕೇ ನಿಲ್ಲಿಸಬೇಕು ಎನ್ನುತ್ತಿದ್ದರು. ಅಂಥವರು ಅವತ್ತು ತಮ್ಮನ ಮುಖ ನೋಡಿ ಒಪ್ಪಿಬಿಟ್ಟರು. "ಇಷ್ಟು ವರ್ಷ ಕಾದಿದೀನಿ, ಒಂದು ತಿಂಗಳು ಯಾವ ಲೆಕ್ಕ ಬಿಡ್ರೀ" ಎಂದು ನನಗೆ ಹೇಳಿದರು. ಕೆಂಗೇರಿಯ ಯಜಮಾನರಿಗೂ ಅದು ವಿಚಿತ್ರವೆನಿಸಲಿಲ್ಲ. ಆಷಾಢ ಕಳೆಯಲಿ, ಗಾಡಿ ಎಲ್ಲಿಗೂ ಓಡಿಹೋಗುವುದಿಲ್ಲ ಅಂದರು. ನಮ್ಮಲ್ಲಿ ಯಾರಿಗೆ ತಾನೇ ಅದು ವಿಚಿತ್ರ? ಹೊಸ ಮದುಮಗಳನ್ನು ತವರಿಗೆ ಕಳಿಸುತ್ತೇವೆ, ಗೃಹಪ್ರವೇಶ ಮುಂದೂಡುತ್ತೇವೆ, ಗಾಡಿಯನ್ನು ಶೋರೂಮಿನಲ್ಲೇ ಬಿಡುತ್ತೇವೆ. ಆದರೆ ಕೆಲಸಕ್ಕೆ ಹೋಗುವುದನ್ನು ಮಾತ್ರ ಯಾವ ಆಷಾಢವೂ ತಪ್ಪಿಸುವುದಿಲ್ಲ. ಬೋರ್ಡು ಇಳಿಸುವ ದಿನವೂ ಒಂದು ತಿಂಗಳು ಮುಂದಕ್ಕೆ ಹೋಯಿತು. ಆ ತಿಂಗಳೂ ಮೇಡಂ ಎಡಗಡೆ ಸೀಟಿನಲ್ಲೇ ಕೂತರು.

ಆಷಾಢದ ಗಾಳಿ ಬೀಸುತ್ತಿತ್ತು. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಕಲಿಯಲು ಸೇರಿದ್ದಳು. ಮಾಗಡಿ ರೋಡಿನಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆದದ್ದಕ್ಕೆ ಗಾಬರಿಯಾಗಿ ಅವಳು ಸ್ಟೀರಿಂಗನ್ನು ಎಡಕ್ಕೆ ಎಳೆದು, ಬ್ರೇಕ್ ಎಂದುಕೊಂಡು ಆಕ್ಸಿಲರೇಟರನ್ನು ಪೂರ್ತಿ ತುಳಿದಳು. ಎಡಗಡೆ ನೀರಿನ ಟ್ಯಾಂಕರೊಂದು ನಿಂತಿತ್ತು. ಮೇಡಂ ತಮ್ಮ ಬ್ರೇಕ್ ತುಳಿದು, ಸ್ಟೀರಿಂಗನ್ನು ಬಲಕ್ಕೆ ಎಳೆದರು. ಹುಡುಗಿ ಕೂತಿದ್ದ ಬಲಭಾಗ ಉಳಿಯಿತು. ಎಡಭಾಗ ಟ್ಯಾಂಕರಿನ ಕೆಳಗೆ ಹೋಯಿತು. ಹುಡುಗಿಗೆ ಒಂದು ತರಚು ಗಾಯವೂ ಆಗಲಿಲ್ಲ. ಸಿಕ್ಕಿಹಾಕಿಕೊಂಡಿದ್ದ ಮೇಡಂ ಅವಳಿಗೆ ಹೇಳುತ್ತಿದ್ದುದನ್ನು ಓಡಿಬಂದವರು ಕೇಳಿಸಿಕೊಂಡಿದ್ದರು. "ಅಳ್ಬೇಡಮ್ಮ. ಮೊದ್ಲು ಇಂಜಿನ್ ಆಫ್ ಮಾಡು."

ಜೀವ ಉಳಿಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ಹೊರಟುಹೋಯಿತು. ನಾನು ಆಸ್ಪತ್ರೆಗೆ ಹೋದಾಗ ಅವರು ಚಾದರ್ ಸರಿಸಿ ಪಾದಗಳನ್ನೇ ನೋಡುತ್ತಿದ್ದರು. "ಎರಡೂ ಇವೆ ನೋಡ್ರೀ. ನಂದಲ್ಲ, ಅಷ್ಟೇ" ಅಂದರು. ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆ ಹುಡುಗಿಯ ಮೇಲಲ್ಲ, ಪಾಪ, ಅವಳ ಮದುವೆಯೇ ಮುರಿಯಿತೆಂದು ಆಮೇಲೆ ಕೇಳಿದೆ. ತಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಆ ಮನುಷ್ಯ ಒಂದೇ ವಾರದಲ್ಲಿ ಮುದುಕನಾಗಿದ್ದರು. ಮತ್ತೆ ಯಾರ ಮೇಲೆ? ಒಂದು ತಿಂಗಳಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು...

ಶ್ರಾವಣ ಬಂತು. ಒಂದು ಶುಕ್ರವಾರ ಬೆಳಿಗ್ಗೆ ಅವರ ತಮ್ಮ ನನಗೆ ಫೋನ್ ಮಾಡಿ, ಸ್ವಲ್ಪ ಬಂದು ಹೋಗಿ ಅಂದರು. ಹೋಗಿ ನೋಡಿದರೆ ಮನೆಯ ಗೇಟಿನೊಳಗೆ ಹಸಿರು ಕಾರು ನಿಂತಿತ್ತು. ಅಕ್ಕನಿಗೆ ಹೇಳದೆ ಕೆಂಗೇರಿಗೆ ಹೋಗಿ, ಯಜಮಾನರ ಮನೆಯವರೊಬ್ಬರಿಂದಲೇ ಇಲ್ಲಿಯವರೆಗೆ ಓಡಿಸಿ ತರಿಸಿದ್ದರು. ಅವರು ಕಾರು ಬಿಟ್ಟು ಹೋಗಿಯೂ ಆಗಿತ್ತು. ಹೂವಿನ ಹಾರ ಬಿದ್ದಿತ್ತು, ಪುರೋಹಿತರು ಬಂದಿದ್ದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿತ್ತು. ಆಸ್ಪತ್ರೆಯಿಂದ ಬಂದ ಮೇಡಂ ಮಲಗಿದ್ದ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದ್ದರು. ಕಾರು ತಂದುಕೊಟ್ಟು ಮಾತು ಉಳಿಸಿಕೊಂಡರೆ ಏನಾದರೂ ಸರಿಹೋದೀತು ಎಂದು ಆ ತಮ್ಮನಿಗೆ ಅನ್ನಿಸಿರಬೇಕು. ಪೂಜೆ ಮುಗಿಯಿತು. ನಿಂಬೆಹಣ್ಣಿನ ಮೇಲೆ ಗಾಡಿ ಹಾಯಬೇಕು. ಆಗಲೇ ಅವರಿಗೆ ಹೊಳೆದದ್ದು, ಆ ಮನೆಯಲ್ಲಿ ಕಾರು ಓಡಿಸಲು ಯಾರೂ ಇರಲಿಲ್ಲ.

ನಾನು ಬಲಗಡೆ ಕೂತೆ. ಕೀಲಿ ತಿರುಗಿಸಿದೆ. ಮೊದಲ ಸಲ ಇಂಜಿನ್ ಆಫ್ ಆಗಿಹೋಯಿತು. ಕಿಟಕಿಯಿಂದ ದನಿ ಬಂತು.

"ಭಯ ಪಡ್ಬೇಡಿ. ಕ್ಲಚ್ ಪೂರ್ತಿ ಒತ್ತಿ. ಫಸ್ಟ್ ಗೇರ್ ಹಾಕಿ. ಈಗ ನಿಧಾನಕ್ಕೆ ಬಿಡಿ... ಇನ್ನೂ ಸ್ವಲ್ಪ..."

ಗಾಡಿ ಮುಂದೆ ಸರಿಯಿತು. ನಿಂಬೆಹಣ್ಣುಗಳು ಪಟಪಟನೆ ಒಡೆದವು. ಆ ವಾಸನೆ ಕಾರಿನೊಳಗೆ ತುಂಬಿತು.

"ಸಾಕು, ಬ್ರೇಕ್" ಅಂದರು ಮೇಡಂ.

ನಾನು ತುಳಿದೆ. ಅವರ ಕಾರು ಅವರ ಮನೆಯಲ್ಲಿ ಚಲಿಸಿದ್ದು ಅಷ್ಟೇ ದೂರ. ತಿರುಗಿ ನೋಡುವಷ್ಟರಲ್ಲಿ ಕಿಟಕಿ ಮುಚ್ಚಿತ್ತು.

ಆಮೇಲೆ ಅದರ ಮೇಲೆ ಕವರ್ ಬಿತ್ತು. ಇಲಿಗಳು ವೈರು ಕಡಿದವು, ಟೈರುಗಳು ಕುಸಿದವು. ವೈರು ಸರಿಮಾಡಿಸಿ, ಟೈರುಗಳಿಗೆ ಗಾಳಿ ಹೊಡೆಸಿ, ಒಂದು ಸಲ ಧೈರ್ಯ ಮಾಡಿ ಕೇಳಿದ್ದೆ. "ಒಂದು ರೌಂಡ್ ಹೋಗಿ ಬರೋಣ ಮೇಡಂ. ಜ್ಞಾನಭಾರತಿವರೆಗೆ. ನಾನು, ನಿಮ್ಮ ತಮ್ಮ ಇಬ್ರೂ ಎತ್ತಿ ಕೂರಿಸ್ತೀವಿ."

ಅವರು ನನ್ನ ಮುಖ ನೋಡಿದರು.

"ಯಾವ ಕಡೆ ಕೂರ್ಲಿ?" ಎಂದು ಕೇಳಿದರು.

ನಾನು ಹೊರಗೆ ಹೋಗಿ ಕಾರಿಗೆ ಕವರ್ ಹೊದಿಸಿದೆ. ಮತ್ತೆ ಆ ಮಾತೆತ್ತಲಿಲ್ಲ. ಕೈಯಿಂದಲೇ ಓಡಿಸುವಂತೆ ಗಾಡಿಯನ್ನು ಬದಲಾಯಿಸಿಕೊಡುತ್ತಾರಂತೆ ಎಂದು ತಮ್ಮ ಎಲ್ಲೋ ಕೇಳಿಕೊಂಡು ಬಂದಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರಂತೆ. ಮಲಗಿ ಮಲಗಿ ಬೆನ್ನಿಗಾದ ಹುಣ್ಣು, ಅದರ ನಂಜು, ಮತ್ತೆ ಆಸ್ಪತ್ರೆ... ಮುಂದಿನ ಆಷಾಢವನ್ನು ಅವರು ನೋಡಲಿಲ್ಲ. ಅವರ ತಮ್ಮ ಆ ಹಸಿರು ಕಾರನ್ನು ಯಾರಿಗೋ ಮಾರಿ, ಮನೆ ಖಾಲಿ ಮಾಡಿಕೊಂಡು ಹೋದರು. ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ.

ನಾನು ಈಗಲೂ ದಿನಾ ಪೀಣ್ಯಕ್ಕೆ ನನ್ನ ಪುಟ್ಟ ಕಾರಿನಲ್ಲೇ ಹೋಗುತ್ತೇನೆ. ಸುಮನಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತಾಗ ಎಡಗಡೆಯ ಖಾಲಿ ಸೀಟನ್ನು ನೋಡುತ್ತೇನೆ. ಅಲ್ಲಿ ಬ್ಯಾಗ್ ಇಡಲು ನನಗೆ ಮನಸ್ಸಾಗುವುದಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಹೇಳುವವರಿದ್ದಾರೆ, ನನಗೆ ಅದು ಮರೆಸಿಲ್ಲ. ಒಬ್ಬ ಹೆಂಗಸು ತನಗಾಗಿ ಕೇಳಿಕೊಂಡದ್ದು ಒಂದೇ ಒಂದು, ಅದು ಬಾಗಿಲಿಗೆ ಬಂದು ನಿಂತಾಗ ಅವಳ ಕಾಲು ಅವಳದಾಗಿರಲಿಲ್ಲ. ಇದಕ್ಕೆ ಅರ್ಥ ಹುಡುಕಿ ಹುಡುಕಿ ಸೋತಿದ್ದೇನೆ. ಅರ್ಥ ಇಲ್ಲ.

ಮೊನ್ನೆ ತಿರುವಿನಲ್ಲಿ ನಿಂತಿದ್ದ ನನ್ನನ್ನು ನೋಡಿ ಮೂಲೆಮನೆಯ ಸೊಸೆ ಪೇಡದ ಡಬ್ಬಿ ಹಿಡಿದು ಓಡಿಬಂದಳು.

"ತಗೊಳ್ಳಿ ಆಂಟಿ. ಗಾಡಿ ಹೋದ ತಿಂಗಳೇ ರೆಡಿ ಇತ್ತು. ಆಷಾಢ ಮುಗೀಲಿ ಅಂತ ಕಾದಿದ್ವಿ."

ಪೇಡ ತೆಗೆದುಕೊಂಡೆ. ಒಳ್ಳೇದಾಗ್ಲಮ್ಮ ಅಂದೆ. ಅವಳ ಗಂಡ ಗಾಡಿಯನ್ನು ಗೇಟಿನೊಳಗೆ ತಿರುಗಿಸಲು ಮತ್ತೆ ಸ್ಟಾರ್ಟ್ ಮಾಡಿದ. ಹಿಂದಿನ ಚಕ್ರ ಉಳಿದ ನಿಂಬೆಹಣ್ಣಿನ ಮೇಲೆ ಹಾಯ್ದು ರಸ ಚಿಮ್ಮಿತು. ನಾನು ಹಾಲು ತಗೊಳ್ಳದೆ ಮನೆಗೆ ಬಂದೆ.